ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಟ್ಯಾಪ್ ಮುರಿಯುವುದು ನಿಂತದ್ದು ಹೇಗೆ: ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಾನು ನಡೆಸುತ್ತಿರುವುದು ಮೂರು ಲೇತ್, ಒಂದು ಮಿಲ್ಲಿಂಗ್ ಯಂತ್ರ ಮತ್ತು ಒಂದು ರೇಡಿಯಲ್ ಡ್ರಿಲ್ ಇರುವ ಚಿಕ್ಕ ವರ್ಕ್‌ಶಾಪ್. ಬಹುಕಾಲ ನಮ್ಮಲ್ಲಿಗೆ ಬರುತ್ತಿದ್ದದ್ದು ಎಂ.ಎಸ್. (ಮೈಲ್ಡ್ ಸ್ಟೀಲ್) ಮತ್ತು ಇಎನ್8 ದರ್ಜೆಯ ಸಾಧಾರಣ ಉಕ್ಕಿನ ಕೆಲಸವೇ: ಮಂಡ್ಯದ ಕಡೆಯ ಆಲೆಮನೆಗಳ ಗಾಣದ ಶಾಫ್ಟು, ಬುಷ್, ಪುಲ್ಲಿ. ಸೊಲ್ಯುಬಲ್ ಆಯಿಲನ್ನು ನೀರಿಗೆ ಬೆರೆಸಿದ ಹಾಲುಬಣ್ಣದ ಕೂಲೆಂಟ್ (ಕೊರೆಯುವಾಗ ತಂಪು ಮಾಡುವ ದ್ರವ) ಒಂದಿದ್ದರೆ ಈ ಕೆಲಸಗಳು ನಡೆದುಹೋಗುತ್ತಿದ್ದವು. ಡ್ರಿಲ್ ಮಾಡಲೂ ಅದೇ, ಟ್ಯಾಪ್ ಹೊಡೆಯಲೂ, ಅಂದರೆ ರಂಧ್ರದ ಒಳಗೋಡೆಯಲ್ಲಿ ಬೋಲ್ಟ್ ಕೂರುವ ಥ್ರೆಡ್ ಕೊರೆಯಲೂ ಅದೇ. ಡೈರಿ ಯಂತ್ರಗಳನ್ನು ತಯಾರಿಸುವ ಗ್ರಾಹಕರೊಬ್ಬರು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 40 ಫ್ಲಾಂಜ್‌ಗಳ (ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆಗಳ) ಕೆಲಸ ಕೊಟ್ಟಾಗ ಆ ಅಭ್ಯಾಸಕ್ಕೆ ಬೆಲೆ ತೆರಬೇಕಾಯಿತು. ಪ್ರತಿಯೊಂದು ಫ್ಲಾಂಜಿನಲ್ಲೂ ಎಂ8ರ, ಅಂದರೆ 8 ಮಿ.ಮೀ. ಬೋಲ್ಟಿನ, ಆರು ರಂಧ್ರಗಳು, ಎಲ್ಲವೂ ತಳ ಮುಚ್ಚಿದವು, ಥ್ರೆಡ್ಡಿನ ಆಳ 16 ಮಿ.ಮೀ.

ಮೊದಲ 30 ರಂಧ್ರಗಳು ಮುಗಿಯುವಷ್ಟರಲ್ಲಿ ಐದು ಟ್ಯಾಪ್‌ಗಳು ಮುರಿದವು. ಒಳಗೆ ಮುರಿದು ಕುಳಿತ ಟ್ಯಾಪನ್ನು, ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವ ಸ್ಪಾರ್ಕ್ ಎರೋಷನ್ ಯಂತ್ರದಲ್ಲಿ ತೆಗೆಸಲು ತೆತ್ತ ಹಣ, ಆ ಫ್ಲಾಂಜಿಗೆ ನನಗೆ ಸಿಗಬೇಕಿದ್ದ ಕೂಲಿಗಿಂತ ಹೆಚ್ಚು. ಟ್ಯಾಪ್ ಕಳಪೆಯೆಂದು ಅಂಗಡಿಯವರ ಮೇಲೆ ರೇಗಿ, ದುಬಾರಿ ಟ್ಯಾಪ್ ತಂದೆ. ಅದೂ ಮುರಿಯಿತು. ಆಗ ನಮ್ಮಲ್ಲಿದ್ದ, ಮದ್ದೂರಿನ ಕಡೆಯ ಹಿರಿಯ ಟರ್ನರ್ ಒಬ್ಬರು, ‘ಹಾಲಿಗೆ ಬಗ್ಗೋ ಲೋಹ ಅಲ್ಲ ಸಾರ್ ಇದು, ಎಣ್ಣೆ ಕೇಳ್ತದೆ’ ಎಂದರು. ಅವರ ಮಾತಿನಲ್ಲಿ ಮುಕ್ಕಾಲುಪಾಲು ನಿಜವಿತ್ತು. ಉಳಿದ ಕಾಲುಪಾಲು ನಾವು ಡ್ರಿಲ್ ಮಾಡುತ್ತಿದ್ದ ರೀತಿಯಲ್ಲಿತ್ತು.

ಸುಮಾರು 18 ಶೇಕಡಾ ಕ್ರೋಮಿಯಂ ಮತ್ತು 8 ಶೇಕಡಾ ನಿಕಲ್ ಇರುವ ಈ ಲೋಹವು ಮೂಲತಃ ಗಡಸಲ್ಲ, ಆದರೆ ಉಜ್ಜಿದಷ್ಟೂ ಗಡಸಾಗುತ್ತ ಹೋಗುತ್ತದೆ. ಮೊಂಡು ಡ್ರಿಲ್ ಬಿಟ್ಟಿನಿಂದ ಕೊರೆದರೆ, ಅಥವಾ ಫೀಡ್ ಕೊಡದೆ, ಅಂದರೆ ಮುಂದಕ್ಕೆ ಒತ್ತದೆ, ಬಿಟ್ಟನ್ನು ಒಂದೇ ಕಡೆ ತಿರುಗಲು ಬಿಟ್ಟರೆ, ರಂಧ್ರದ ಒಳಗೋಡೆಯ ಮೇಲೆ ಗಟ್ಟಿಯಾದ ತೆಳು ಪದರವೊಂದು ಉಂಟಾಗುತ್ತದೆ, ಮತ್ತು ಹಿಂದೆಯೇ ಬರುವ ಟ್ಯಾಪ್ ಕತ್ತರಿಸಬೇಕಾದದ್ದು ಆ ಪದರವನ್ನು. ಸಾಲದೆಂಬಂತೆ, ಈ ಲೋಹದ ಶಾಖವಾಹಕತೆ ಸಾಧಾರಣ ಉಕ್ಕಿನ ಮೂರನೆಯ ಒಂದು ಭಾಗದಷ್ಟು ಮಾತ್ರ; ಹುಟ್ಟಿದ ಶಾಖ ಲೋಹದೊಳಗೆ ಹರಡದೆ ಟ್ಯಾಪಿನ ಅಲಗಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲು ಡ್ರಿಲ್ ಬಿಟ್‌ಗಳನ್ನು ಸಾಣೆ ಹಿಡಿಸಿದೆ, ಎಲ್ಲಿಯೂ ನಿಲ್ಲಿಸದೆ ಒಂದೇ ಸಮನೆ ಫೀಡ್ ಕೊಡಬೇಕೆಂದು ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಗ್ರಾಹಕರ ಒಪ್ಪಿಗೆ ಪಡೆದು, 6.8 ಮಿ.ಮೀ. ಬಿಟ್ಟಿನ ಬದಲು 7.0 ಮಿ.ಮೀ. ಬಿಟ್ ಬಳಸಿದೆ. ಇದರಿಂದ ಥ್ರೆಡ್ಡಿನ ಎತ್ತರ ಪೂರ್ಣ ಥ್ರೆಡ್ಡಿನ 74 ಶೇಕಡಾದಿಂದ 62 ಶೇಕಡಾಕ್ಕೆ ಇಳಿಯುತ್ತದೆ. ಆಳವು ವ್ಯಾಸದ ಎರಡರಷ್ಟಿರುವಾಗ ಥ್ರೆಡ್ ಕಿತ್ತುಬರುವ ಮೊದಲು ಬೋಲ್ಟೇ ತುಂಡಾಗುವುದರಿಂದ ಬಿಗಿತಕ್ಕೆ ಕೊರತೆಯಿಲ್ಲ, ಟ್ಯಾಪಿನ ಮೇಲಿನ ಭಾರ ಮಾತ್ರ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಇನ್ನು ಎಣ್ಣೆಯ ವಿಷಯ. ಹಾಲುಬಣ್ಣದ ಕೂಲೆಂಟಿನಲ್ಲಿ 90 ಶೇಕಡಾಕ್ಕಿಂತ ಹೆಚ್ಚು ನೀರೇ ಇರುತ್ತದೆ, ಮತ್ತು ನೀರಿನ ಕೆಲಸ ಶಾಖವನ್ನು ಹೊತ್ತೊಯ್ಯುವುದು. ವೇಗವಾಗಿ ತಿರುಗುವ ಲೇತಿನಲ್ಲಿ ಅದು ಬೇಕು. ಆದರೆ ಎಂ8 ಟ್ಯಾಪನ್ನು ನಿಮಿಷಕ್ಕೆ 4 ಮೀಟರ್ ವೇಗದಲ್ಲಿ, ಅಂದರೆ ಸುಮಾರು 160 ಸುತ್ತುಗಳಲ್ಲಿ ಓಡಿಸುವಾಗ ತೊಂದರೆ ಕೊಡುವುದು ಒಟ್ಟು ಶಾಖವಲ್ಲ. ಅಲಗಿಗೂ ಲೋಹಕ್ಕೂ ನಡುವೆ, ಯಾವ ಪಂಪೂ ದ್ರವವನ್ನು ತಲುಪಿಸಲಾಗದ ಇಕ್ಕಟ್ಟಿನಲ್ಲಿ ಬೀಳುವ ಒತ್ತಡ. ಅಲ್ಲಿ ಲೋಹ ಲೋಹಕ್ಕೆ ಅಂಟಿ, ಹರಿದು, ಮತ್ತೆ ಅಂಟುತ್ತದೆ. ಮುರಿದ ಟ್ಯಾಪ್‌ಗಳ ಹಲ್ಲುಗಳ ಮೇಲೆ ಬೆಸುಗೆ ಹಾಕಿದಂತೆ ಅಂಟಿದ್ದ ಸ್ಟೇನ್‌ಲೆಸ್ಸಿನ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆ ನನಗೆ ಇದು ಮನವರಿಕೆಯಾಯಿತು.

ಮೊದಲು ಬಳಸಿ ನೋಡಿದ್ದು ಹರಳೆಣ್ಣೆ. ಅದರ ಕೊಬ್ಬಿನಾಮ್ಲದ ಅಣುಗಳು ಲೋಹದ ಮೈಗೆ ಹತ್ತಿ ಕೂರುವುದರಿಂದ, ಖನಿಜ ತೈಲಕ್ಕಿಂತ ಅದು ಎಷ್ಟೋ ಮೇಲು. ಟ್ಯಾಪ್ ಹ್ಯಾಂಡಲ್ ಹಿಡಿದ ಕೈಗೇ ವ್ಯತ್ಯಾಸ ತಿಳಿಯುತ್ತದೆ. ಆದರೂ ಅಲಗು ಕಾಯುತ್ತಿದ್ದಂತೆ ಆ ಪದರ ಕರಗಿಹೋಗುತ್ತದೆ. ಅದರಾಚೆಗೆ ಕೆಲಸಕ್ಕೆ ಬರುವುದು ಗಂಧಕ: ಹೆಚ್ಚಿನ ಶಾಖದಲ್ಲಿ ಅದು ಕಬ್ಬಿಣದೊಂದಿಗೆ ಸೇರಿ ಕಬ್ಬಿಣದ ಸಲ್ಫೈಡಿನ ತೆಳುಪೊರೆಯಾಗಿ, ಅಂಟಿಕೊಳ್ಳಬೇಕಾದ ಎರಡು ಮೈಗಳ ನಡುವೆ ಅಡ್ಡ ನಿಲ್ಲುತ್ತದೆ. ಜಾಣತನ ತೋರಿಸಲು ಹೋಗಿ, ಹರಳೆಣ್ಣೆಗೆ ಗಂಧಕದ ಪುಡಿ ಕಲಸಿದೆ. ಪುಡಿಯೆಲ್ಲ ರಾತ್ರಿಯೊಳಗೆ ಡಬ್ಬಿಯ ತಳ ಸೇರಿತ್ತು. ಕಾಯಿಸಿ ಕರಗಿಸಲು ಹೋಗಬಾರದು, ಕಾವು ಮಿತಿಮೀರಿದರೆ ವಿಷಾನಿಲ ಏಳುತ್ತದೆ. ಕೊನೆಗೆ ಗಂಧಕ ಬೆರೆತ, ನೀರು ಸೇರಿಸದೆ ಹಾಗೆಯೇ ಬಳಸುವ ಟ್ಯಾಪಿಂಗ್ ಎಣ್ಣೆಯನ್ನೇ ಕೊಂಡು ತಂದೆ. ಅದನ್ನು ಸುರಿಯುವುದಿಲ್ಲ. ಟ್ಯಾಪಿನ ಉದ್ದಕ್ಕೂ ಇರುವ ಫ್ಲೂಟುಗಳಿಗೆ (ತೋಡುಗಳಿಗೆ) ಬ್ರಷ್ಷಿನಿಂದ ಸವರಿ, ರಂಧ್ರಕ್ಕೆ ಎರಡು ಹನಿ ಬಿಟ್ಟರೆ ಸಾಕು. ರಂಧ್ರ ತುಂಬಿಸಿದರೆ ಚಿಪ್ಸ್ (ಕತ್ತರಿಸಿ ಬಂದ ಲೋಹದ ಚೂರು) ಎಣ್ಣೆಯಲ್ಲಿ ಮುದ್ದೆಯಾಗಿ ತಳದಲ್ಲಿ ಕೂರುತ್ತದೆ. ಇದರ ಜೊತೆಗೆ, ಸುರುಳಿ ತೋಡುಗಳಿಂದ ಚಿಪ್ಸನ್ನು ಮೇಲಕ್ಕೆ ಎತ್ತುವ ಸ್ಪೈರಲ್ ಫ್ಲೂಟ್ ಟ್ಯಾಪ್ ಬಳಸಿದೆ. ತಳ ತೆರೆದ ರಂಧ್ರವಾಗಿದ್ದರೆ ಚಿಪ್ಸನ್ನು ಮುಂದಕ್ಕೆ ತಳ್ಳುವ ಗನ್ ಟ್ಯಾಪ್ ಒಳ್ಳೆಯದು. ಉಳಿದ 210 ರಂಧ್ರಗಳಿಗೆ ಮುರಿದದ್ದು ಒಂದೇ ಟ್ಯಾಪ್, ಅದೂ ಹುಡುಗನೊಬ್ಬ ಅದನ್ನು ವಾರೆಯಾಗಿ ಇಳಿಸಿದ್ದರಿಂದ.

ಗಂಧಕದ ಎಣ್ಣೆಯನ್ನು ಹಿತ್ತಾಳೆಗೆ ಮುಟ್ಟಿಸಬಾರದು, ಮೈ ಕಪ್ಪಾಗುತ್ತದೆ. ಕ್ಲೋರಿನ್ ಸೇರಿದ ಎಣ್ಣೆಗಳು ಸ್ಟೇನ್‌ಲೆಸ್ಸಿಗೆ ಇನ್ನೂ ಚೆನ್ನಾಗಿ ಒಗ್ಗುತ್ತವೆಂಬುದು ನಿಜ. ಆದರೆ ಅದರ ಅಂಶ ಥ್ರೆಡ್ಡಿನಲ್ಲಿ ಉಳಿದರೆ ಮುಂದೆ ಅದೇ ಸ್ಟೇನ್‌ಲೆಸ್ಸಿನಲ್ಲಿ ಗುಳಿಬೀಳುವ ಭಯವಿದೆ. ಅಂತಹ ಎಣ್ಣೆಗಳಲ್ಲಿ ಬಳಕೆಯಾಗುತ್ತಿದ್ದ ಕಿರುಸರಪಳಿಯ ಕ್ಲೋರಿನೇಟೆಡ್ ಪ್ಯಾರಾಫಿನ್‌ಗಳನ್ನು 2017ರಲ್ಲಿ, ಪರಿಸರದಲ್ಲಿ ದೀರ್ಘಕಾಲ ಉಳಿಯುವ ಮಾಲಿನ್ಯಕಾರಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಲಾಗಿದೆ. ಹಾಲು ಹರಿಯುವ ಯಂತ್ರದ ಭಾಗಕ್ಕೆ ನಾನು ಕ್ಲೋರಿನ್ ಎಣ್ಣೆಯನ್ನು ಬಳಸುವುದಿಲ್ಲ. ಯಾವ ಎಣ್ಣೆಯಾದರೂ ಕೆಲಸ ಮುಗಿದ ಮೇಲೆ ತೊಳೆದು ಒಣಗಿಸಿಯೇ ಕಳುಹಿಸುತ್ತೇನೆ.

ಲೇತಿಗೆ ಕೂಲೆಂಟ್ ಈಗಲೂ ಬೇಕು, ಆದರೆ ಅದರ ಹದವನ್ನು ಕಣ್ಣಂದಾಜಿನಲ್ಲಿ ಬಿಡುವುದನ್ನು ನಿಲ್ಲಿಸಿದ್ದೇನೆ. ಮಂಡ್ಯದಲ್ಲಿರುವ ನಮ್ಮ ಭಾವನವರು ಕಬ್ಬಿನ ಹಾಲಿನ ಬ್ರಿಕ್ಸ್ (ಸಕ್ಕರೆಯ ಪ್ರಮಾಣ) ನೋಡಲು ಇಟ್ಟುಕೊಂಡಿದ್ದ ಕೈ ರಿಫ್ರಾಕ್ಟೋಮೀಟರನ್ನು ಒಮ್ಮೆ ಕೇಳಿ ತಂದೆ. ಕಬ್ಬಿಗೆ ಆಗುವ ಉಪಕರಣವೇ ಕೂಲೆಂಟಿಗೂ ಆಗುತ್ತದೆ. ಒಂದು ಹನಿ ಹಾಕಿ ಓದಿದ ಅಂಕವನ್ನು ಎಣ್ಣೆ ತಯಾರಕರು ಕೊಟ್ಟಿರುವ ಗುಣಕದಿಂದ ಗುಣಿಸಬೇಕು. ನಮ್ಮ ಎಣ್ಣೆಗೆ ಅದು 1.2, ಆರು ತೋರಿಸಿದರೆ 7.2 ಶೇಕಡಾ. ಸ್ಟೇನ್‌ಲೆಸ್ಸಿಗೆ 8ರಿಂದ 10ರ ನಡುವೆ ಇಡುತ್ತೇನೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಎಣ್ಣೆ ಒಡೆದು ಮೇಲೆ ಕೆನೆಗಟ್ಟುತ್ತಿತ್ತು. ಈಗ ಕಾವೇರಿ ನೀರನ್ನೇ ಹಿಡಿದಿಟ್ಟುಕೊಂಡು, ನೀರಿಗೆ ಎಣ್ಣೆಯನ್ನು ನಿಧಾನವಾಗಿ ಕಲಸುತ್ತೇವೆಯೇ ಹೊರತು ಎಣ್ಣೆಗೆ ನೀರನ್ನಲ್ಲ.

ಆಯುಧಪೂಜೆಗೆ ಯಂತ್ರಗಳನ್ನು ತೊಳೆದು ಹೂವು ಮುಡಿಸಿ, ವಿಜಯದಶಮಿ ಕಳೆದು, ಊರಿಗೆ ಹೋದವರೆಲ್ಲ ಮರಳುವಷ್ಟರಲ್ಲಿ ನಮ್ಮಲ್ಲಿ ಒಂದು ವಾರವಾಗುತ್ತದೆ. ಒಂದು ವರ್ಷ ಹಾಗೆ ಬಾಗಿಲು ತೆರೆದಾಗ ಕೊಳೆತ ಮೊಟ್ಟೆಯ ವಾಸನೆಗೆ ಯಾರೂ ಒಳಗೆ ಕಾಲಿಡಲಿಲ್ಲ. ಕೂಲೆಂಟ್ ಟ್ಯಾಂಕಿನಲ್ಲಿ, ಯಂತ್ರದ ಜಾರುಮೈಗಳಿಂದ ಸೋರಿ ಮೇಲೆ ತೇಲುವ ಸ್ಲೈಡ್‌ವೇ ಎಣ್ಣೆಯ ಪದರದ ಕೆಳಗೆ ಗಾಳಿ ಸೋಕದೆ ಬ್ಯಾಕ್ಟೀರಿಯ ಬೆಳೆದಿತ್ತು. ಹುಡುಗರ ಕೈಗಳಲ್ಲಿ ತುರಿಯೂ ಎದ್ದಿತು. ಈಗ ಪೂಜೆಯ ಹಿಂದಿನ ದಿನವೇ ಟ್ಯಾಂಕನ್ನು ಬರಿದು ಮಾಡಿ, ತಳದ ಕೆಸರನ್ನು ಕೈಯಿಂದ ತೆಗೆಸಿ, ಒರೆಸಿ ಬಿಡುತ್ತೇವೆ. ಹೊಸ ಕೂಲೆಂಟನ್ನು ಬೆರೆಸುವುದು ಕೆಲಸ ಮತ್ತೆ ಆರಂಭವಾಗುವ ದಿನ ಬೆಳಿಗ್ಗೆ.