ಕೋರ್ಟ್ ಸಮನ್ಸ್ ಬಂದರೆ ಮೊದಲು ಏನು ಮಾಡಬೇಕು?

ಆಸ್ತಿ ಪಾಲಿನ ದಾವೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಸೋಲುವುದು ವಾದದಲ್ಲಲ್ಲ, ಅಮೀನರು (ನ್ಯಾಯಾಲಯದ ಕಾಗದ ತಲುಪಿಸುವ ಸಿಬ್ಬಂದಿ) ಸಮನ್ಸ್ ತಂದ ದಿನವೇ. ‘ಸಹಿ ಹಾಕಿದರೆ ಒಪ್ಪಿಕೊಂಡ ಹಾಗೆ’ ಎಂಬ ಹೆದರಿಕೆಯಿಂದ ಕಾಗದವನ್ನು ವಾಪಸ್ ಕಳಿಸುತ್ತಾರೆ. ಸಹಿ ಎಂದರೆ ಕಾಗದ ಕೈಸೇರಿತು ಎಂದಷ್ಟೇ. ನಿರಾಕರಿಸಿದರೆ ಅಮೀನರು ಪ್ರತಿಯನ್ನು ಬಾಗಿಲಿಗೆ ಅಂಟಿಸಿ ವರದಿ ಕೊಡುತ್ತಾರೆ. ಸಮನ್ಸ್ ಜಾರಿಯಾಗಿದೆ ಎಂದು ನ್ಯಾಯಾಲಯ ಪರಿಗಣಿಸಿದರೆ, ನೀವಿಲ್ಲದೆಯೇ ಏಕಪಕ್ಷೀಯ ವಿಚಾರಣೆ ನಡೆಯಬಹುದು.

ಆದ್ದರಿಂದ ಮೊದಲು ಕಾಗದ ತೆಗೆದುಕೊಳ್ಳಿ, ಪಡೆದ ದಿನಾಂಕ ಬರೆದಿಡಿ. ನ್ಯಾಯಾಲಯದ ಹೆಸರು, ದಾವೆಯ ಸಂಖ್ಯೆ, ಹಾಜರಾಗಬೇಕಾದ ದಿನ ಗುರುತಿಸಿ. ಜೊತೆಗೆ ದಾವಾಪತ್ರದ, ಅಂದರೆ ದಾವೆ ಹೂಡಿದವರು ಸಲ್ಲಿಸಿದ ಅರ್ಜಿಯ, ಪ್ರತಿ ಇರಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ. ಸಾಮಾನ್ಯ ಸಿವಿಲ್ ದಾವೆಯಲ್ಲಿ ಲಿಖಿತ ಹೇಳಿಕೆ, ಅಂದರೆ ನಿಮ್ಮ ಉತ್ತರ, ಸಲ್ಲಿಸಲು ಸಮನ್ಸ್ ಪಡೆದ ದಿನದಿಂದ 30 ದಿನ. ಕಾರಣ ಕೊಟ್ಟರೆ ನ್ಯಾಯಾಲಯ ಒಟ್ಟು 90 ದಿನದವರೆಗೆ ಅವಕಾಶ ಕೊಡಬಹುದು.

ಅಣ್ಣನೋ ತಮ್ಮನೋ ‘ಎಲ್ಲರಿಗೂ ಒಬ್ಬರೇ ವಕೀಲರು, ಇಲ್ಲೊಂದು ಸಹಿ ಹಾಕು’ ಎಂದು ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ತಂದರೆ ತಡೆಯಿರಿ. ನಿಮ್ಮ ಪಾಲಿಗೂ ಅವರ ಪಾಲಿಗೂ ವಿರೋಧವಿದ್ದಾಗ ಅದೇ ವಕೀಲರು ನಿಮ್ಮ ಪರ ಹೇಗೆ ವಾದಿಸುತ್ತಾರೆ? ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ.

ವಕೀಲರಿಗೆ ಕೊಡಲು ಹಣವಿಲ್ಲವೇ? ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ. ಗಂಡನ ಸಂಬಳ ನೋಡಿ ವಾಪಸ್ ಕಳಿಸುವಂತಿಲ್ಲ. ಉಳಿದವರಿಗೆ ಆದಾಯದ ಮಿತಿಯುಂಟು. ಆದಾಯ ತೋರಿಸಲು ಸಾಮಾನ್ಯವಾಗಿ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಸಾಕು.

ಬಿಳಿ ಹಾಳೆಯಲ್ಲೇ ಅರ್ಜಿ ಬರೆಯಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅವರು ದಾಖಲಿಸಿಕೊಳ್ಳಬೇಕು. ಸಮನ್ಸ್, ದಾವಾಪತ್ರ, ಆಧಾರ್, ಪಹಣಿಯ ಪ್ರತಿ ಜೊತೆಗಿರಲಿ. ಹಾಜರಾಗುವ ದಿನವನ್ನು ಅರ್ಜಿಯ ಮೇಲ್ಭಾಗದಲ್ಲೇ ಬರೆಯಿರಿ. ಇದನ್ನು ಮರೆತರೆ ವಕೀಲರ ನೇಮಕವಾಗುವಷ್ಟರಲ್ಲಿ ಆ ದಿನ ಕಳೆದಿರಬಹುದು. ಅರ್ಜಿ ಇನ್ನೂ ಇತ್ಯರ್ಥವಾಗಿರದಿದ್ದರೆ ಅಂದು ನೀವೇ ಹೋಗಿ, ಹೆಸರು ಕೂಗಿದಾಗ ಎದ್ದುನಿಂತು ‘ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಕೊಡಿ’ ಎಂದು ಕೇಳಿಕೊಳ್ಳಿ.

ನೇಮಕವಾದ ವಕೀಲರು ನಿಮ್ಮಿಂದ ಶುಲ್ಕ ಕೇಳುವಂತಿಲ್ಲ. ಕೇಳಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. ಮಾಹಿತಿಗೆ 15100 ಸಹಾಯವಾಣಿಯಿದೆ.

ಏಕಪಕ್ಷೀಯ ಡಿಕ್ರಿ (ನ್ಯಾಯಾಲಯದ ತೀರ್ಮಾನ) ಈಗಾಗಲೇ ಆಗಿದ್ದರೆ ಅದನ್ನು ರದ್ದುಪಡಿಸಲು ಅದೇ ನ್ಯಾಯಾಲಯಕ್ಕೆ 30 ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ತಿಳಿದ ದಿನದಿಂದ ಲೆಕ್ಕ. ತಡವಾಗಿದ್ದರೆ ಪ್ರತಿ ದಿನದ ವಿಳಂಬಕ್ಕೂ ಕಾರಣ, ಆಸ್ಪತ್ರೆ ಚೀಟಿಯಂಥ ಪುರಾವೆ ಇಟ್ಟುಕೊಂಡೇ ವಕೀಲರನ್ನು ಕಾಣಿ.