ಲಾರಿ ಟಾರ್ಪಾಲಿನ್‌ನ ಪ್ಯಾನಿಯರ್: ನನ್ನ ಅನುಭವ

ಬೈಕಿನ ಎರಡೂ ಪಕ್ಕಕ್ಕೆ ಕಟ್ಟುವ ಲಗೇಜ್ ಬ್ಯಾಗಿಗೆ ಪ್ಯಾನಿಯರ್ ಅಂತಾರೆ. ಲಾರಿ ಟಾರ್ಪಾಲಿನ್‌ನಲ್ಲಿ ಮಾಡಿಸಿದ ಅಂಥ ಒಂದು ಜೋಡಿ ಕಟ್ಟಿಕೊಂಡು ಜುಲೈನಲ್ಲಿ ಬಳ್ಳಾರಿಯಿಂದ ಆಗುಂಬೆಗೆ ಹೋಗಿ ಬಂದೆ. ಮೂರು ದಿನ, 700 ಕಿ.ಮೀ. ಮೇಲಾಯಿತು. ತೀರ್ಥಹಳ್ಳಿ ದಾಟಿದ ಮೇಲೆ ಮಳೆ ನಿಲ್ಲಲೇ ಇಲ್ಲ. ರೂಮಿಗೆ ಹೋಗಿ ಬ್ಯಾಗ್ ಬಿಚ್ಚಿದೆ. ಪರೀಕ್ಷೆಗೆಂದೇ ತಳದಲ್ಲಿ ಇಟ್ಟಿದ್ದ ನ್ಯೂಸ್ ಪೇಪರ್ ಗರಿಗರಿಯಾಗಿತ್ತು. ಅದರ ಫೋಟೊ ಹೊಡೆದು ನಮ್ಮ ರೈಡಿಂಗ್ ಗುಂಪಿಗೆ ಕಳಿಸಿದೆ. "ಲಾರಿಗೆ ಹೊದಿಸೋದನ್ನ ಬೈಕಿಗೆ ಕಟ್ಕೊಂಡು ಹೊರಟಿದ್ದೀಯಲ್ಲೋ, ಅದಿರು ತುಂಬ್ತೀಯೇನು?" ಅಂತ ನಕ್ಕವರೆಲ್ಲ ಎರಡು ಗಂಟೆ ಗಪ್‌ಚುಪ್. ಆಮೇಲೆ ಒಬ್ಬ ಮೆಲ್ಲಗೆ ಕೇಳಿದ: "ಎಷ್ಟು ಬಿತ್ತು?"

ಬಿದ್ದದ್ದಕ್ಕಿಂತ ಅದಕ್ಕೆ ಮುಂಚೆ ಹಾಳಾದದ್ದೇ ಜಾಸ್ತಿ. ಅದನ್ನೇ ಮೊದಲು ಹೇಳುತ್ತೇನೆ.

ನನ್ನದು ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ 411 ಬೈಕ್. ಬಲಗಡೆ ಸೈಲೆನ್ಸರ್ ಮೇಲಕ್ಕೆ ಎದ್ದಿರುವುದು ಈ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೂ ಪಕ್ಕದಲ್ಲಿ ಬ್ಯಾಗ್ ಕೂರಿಸುವ ರ‍್ಯಾಕ್ ಖರ್ಚು ಉಳಿಸೋಣ ಅಂತ ಸೀಟಿನ ಮೇಲೆ ಹಾಸಿ ಎರಡೂ ಕಡೆ ಇಳಿಬಿಡುವ ಸ್ಯಾಡಲ್ ಬ್ಯಾಗ್ ತರಿಸಿದೆ, 2,200 ರೂಪಾಯಿ. ಸಿರುಗುಪ್ಪ ಹತ್ತಿರ ಮೂಗಿಗೆ ಸುಟ್ಟ ವಾಸನೆ ಬಂತು. ಯಾರೋ ಗದ್ದೆಯಲ್ಲಿ ಹುಲ್ಲು ಸುಡುತ್ತಿದ್ದಾರೆ ಅಂದುಕೊಂಡೆ. ಸುಡುತ್ತಿದ್ದದ್ದು ನನ್ನ ಟವೆಲ್.

ಸಿಟ್ಟಿಗೆ ಅಲ್ಯೂಮಿನಿಯಂ ಡಬ್ಬಿಗೇ ಹೋದೆ. ಹೊಸದಕ್ಕೆ ದುಡ್ಡಿರಲಿಲ್ಲ. ರ‍್ಯಾಕ್ ಸಮೇತ ಸೆಕೆಂಡ್ ಹ್ಯಾಂಡ್ ಜೋಡಿ 14,000ಕ್ಕೆ ಸಿಕ್ಕಿತು. ನೋಡೋಕೆ ಏನು ಗತ್ತು ಅಂತೀರಿ! ಮನೆಗೆ ತಂದು ತೂಗಿದೆ. ಖಾಲಿ ಡಬ್ಬಿ, ರ‍್ಯಾಕ್ ಸೇರಿ 17 ಕೆ.ಜಿ. ಬಟ್ಟೆ ಇಡುವ ಮುಂಚೆಯೇ ಅಷ್ಟು! ಅಳತೆ ಟೇಪ್ ಹಿಡಿದರೆ ಈ ಅಂಚಿಂದ ಆ ಅಂಚಿಗೆ 98 ಸೆಂ.ಮೀ., ಹ್ಯಾಂಡಲ್‌ಗಿಂತ ಅಗಲ. ಹ್ಯಾಂಡಲ್ ತೂರಿದ ಸಂದಿಯಲ್ಲಿ ಡಬ್ಬಿ ತೂರಲ್ಲ. ಇದು ತಿಳಿದದ್ದು ತೋರಣಗಲ್ಲು ರಸ್ತೆಯಲ್ಲಿ, ಎರಡು ಅದಿರು ಲಾರಿಗಳ ನಡುವೆ. ಜೀವ ಬಾಯಿಗೆ ಬಂದಿತ್ತು. ಇನ್ನೊಂದು ಕಿರಿಕಿರಿ ಅಂದರೆ, ಒಳಗೆ ಚೀಲ ಹಾಕದೆ ಬಟ್ಟೆ ಇಟ್ಟರೆ ಲೋಹಕ್ಕೆ ಉಜ್ಜಿ ಉಜ್ಜಿ ಕಪ್ಪು ಪುಡಿ ಮೆತ್ತುತ್ತದೆ. ನನ್ನ ಬಿಳಿ ಬನಿಯನ್ ನೋಡಿ ಮನೆಯವಳು "ಗ್ಯಾರೇಜಲ್ಲಿ ಮಲಗಿದ್ರಾ?" ಅಂದಳು.

ಕೊನೆಗೆ ಸಂಡೂರು ಕಡೆ ಒಂದು ಕೆಮ್ಮಣ್ಣಿನ ಇಳಿಜಾರು. ಮಳೆ ಬಂದು ಬಿಟ್ಟಿತ್ತು. ಹತ್ತು-ಹದಿನೈದರ ಸ್ಪೀಡಲ್ಲಿ ಜಾರಿ ಬಿದ್ದೆ. ಡಬ್ಬಿಯ ಅಂಚು ಸರಿಯಾಗಿ ಹಿಮ್ಮಡಿ ಮೇಲೆಯೇ ಕೂತಿತು. ಬೂಟ್ ಇಲ್ಲದಿದ್ದರೆ ಕಾಲಿನ ಕತೆ ಬೇರೆಯೇ ಇತ್ತು. ಮೂಲೆ ನಗ್ಗಿ ಮುಚ್ಚಳ ಕೂರದಾಯಿತು. ತೊಳೆದು ನೋಡಿದರೆ ರ‍್ಯಾಕಿನ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು.

ಇನ್ನೊಂದು ಪ್ರಯೋಗವನ್ನು ಹೇಳದೆ ಬಿಡಬಹುದಿತ್ತು. ಬಳ್ಳಾರಿಯವನಾಗಿ ಜೀನ್ಸ್ ಬಿಡೋಕಾಗುತ್ತಾ? ದಪ್ಪ ಡೆನಿಮ್ ತಗೊಂಡು, ಪರಿಚಯದ ಜೀನ್ಸ್ ಟೈಲರ್ ಹತ್ತಿರ ಡಬಲ್ ಹೊಲಿಗೆ ಹಾಕಿಸಿ ಬ್ಯಾಗ್ ಮಾಡಿಸಿದೆ. 1,100 ಆಯಿತು. ನೀರು ತಡೆಯಲಿ ಅಂತ ಮೇಣದ ಬತ್ತಿ ಕರಗಿಸಿ ಬ್ರಶ್‌ನಲ್ಲಿ ಬಳಿದೆ. ಬಕೆಟ್ ನೀರು ಸುರಿದರೆ ಹನಿಹನಿಯಾಗಿ ಜಾರಿ ಹೋಯಿತು. ನಾನೇ ದೊಡ್ಡ ವಿಜ್ಞಾನಿ! ಆಗ ಮೇ ತಿಂಗಳು ಅನ್ನುವುದು ಮಾತ್ರ ಮರೆತಿತ್ತು. ಮೋತಿ ಸರ್ಕಲ್ ಹತ್ತಿರ ಮಧ್ಯಾಹ್ನ ಒಂದು ಗಂಟೆ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಿ ಬಂದೆ. ಕಡುನೀಲಿ ಬಟ್ಟೆ ಕಾದು, ಮೇಣ ಕರಗಿ, ಸೀಟಿಗೆ ಇಳಿದಿತ್ತು. ನೋಡದೆ ಕೂತೆ. ಆ ಪ್ಯಾಂಟ್ ಈಗ ಗಾಡಿ ಒರೆಸೋಕೆ.

ಟಾರ್ಪಾಲಿನ್ ಯೋಚನೆ ಬಂದದ್ದು ಲಾರಿ ಹಿಂದೆ ಹೋಗುವಾಗ. ಧೂಳು, ಮಳೆ, ಬಿಸಿಲು ವರ್ಷಗಟ್ಟಲೆ ತಿಂದರೂ ಆ ಹೊದಿಕೆ ಬಾಳುತ್ತದೆ. ಕೌಲ್ ಬಜಾರ್ ಕಡೆ ಟಾರ್ಪಾಲಿನ್ ಕೆಲಸ ಮಾಡುವ ಒಬ್ಬ ಚಾಚಾ ಹತ್ತಿರ ಹೋಗಿ, "ಇದರಲ್ಲೇ ಹೊಲಿದು ಕೊಡಿ ಚಾಚಾ" ಅಂದೆ. ಅವರು ತಲೆ ಎತ್ತದೆ ಹೇಳಿದರು: "ಹೊಲಿಗೆ ಹಾಕಿದ್ರೆ ಸೂಜಿ ತೂತಿಗೆಲ್ಲ ನೀರು ಬರ್ತದೆ ಬೇಟಾ. ಅಂಟಿಸ್ಬೇಕು."

ಅಂಟಿಸುವುದು ಅಂದರೆ ಗಮ್ ಅಲ್ಲ, ಬಿಸಿ ಗಾಳಿ. ಬಟ್ಟೆ ಪಿವಿಸಿ ಲೇಪದ್ದೇ ಆಗಬೇಕು. ನೀಲಿ ಪ್ಲಾಸ್ಟಿಕ್ ತಾಡಪತ್ರಿ ಇದಕ್ಕೆ ಆಗಲ್ಲ. ಎರಡು ಅಂಚು ನಾಲ್ಕು ಬೆರಳು ಮೇಲೆ ಮೇಲೆ ಬರುವಂತೆ ಇಟ್ಟು, ನಡುವೆ ಹೀಟ್ ಗನ್ ಮೂತಿ ತೂರಿಸಿ, ಮೇಲಿಂದ ರೋಲರ್ ಒತ್ತುತ್ತಾ ಹೋಗಬೇಕು. ಲೇಪ ಹೊಳಪು ಬಂದು ಬೆವರಿದ ಹಾಗೆ ಕಾಣುತ್ತದಲ್ಲ, ಆಗ ಒತ್ತಬೇಕು. ಹೊಗೆ ಕಂಡರೆ ತಡವಾಯಿತು ಅಂತ ಅರ್ಥ. ಆ ಹೊಗೆ ಗಂಟಲು ಕಡಿಯುತ್ತದೆ, ಬಯಲಲ್ಲೇ ಮಾಡಿ. ಮೊದಲ ಮೂರು ತುಂಡು ನಾನೇ ಹಾಳು ಮಾಡಿದೆ. ಆರಿದ ಮೇಲೆ ಕಿತ್ತು ನೋಡಬೇಕು. ಅಂಟು ಬಿಟ್ಟುಕೊಂಡರೆ ಕೆಲಸ ಕೆಟ್ಟಿದೆ. ಲೇಪವೇ ಕಿತ್ತು ಒಳಗಿನ ದಾರ ಕಂಡರೆ ಪಾಸ್. ತಳದ ಮೂಲೆ ಮಡಿಸುವ ರೀತಿಯನ್ನು ಚಾಚಾ ತೋರಿಸಿದರು. ಅದನ್ನಿಲ್ಲಿ ಬರೆಯಲ್ಲ, ಅದು ಅವರ ಅನ್ನ.

ಬಾಯಿಗೆ ಜಿಪ್ ಬೇಡವೇ ಬೇಡ. ನಮ್ಮ ಕೆಂಧೂಳು ಒಂದೇ ತಿಂಗಳಲ್ಲಿ ಜಿಪ್ಪಿನ ಹಲ್ಲು ಹಿಡಿದುಬಿಡುತ್ತದೆ. ಚೀಲದ ಬಾಯನ್ನು ಮೂರು ಸುತ್ತು ಸುರುಳಿ ಸುತ್ತಿ ಎರಡು ಬಕಲ್ ಹಾಕಿದರೆ ಸಾಕು. ಬೈಕಿನ ಕಡೆಯ ಗೋಡೆಗೆ ಹಳೇ ಡ್ರಮ್ ಕತ್ತರಿಸಿ ಹಲಗೆಯ ಹಾಗೆ ಕೂರಿಸಿದೆ, ಇಲ್ಲದಿದ್ದರೆ ಚಕ್ರದ ಕಡೆ ಜೋತು ಬೀಳುತ್ತದೆ. ರಾತ್ರಿ ಒಂದೊಂದಕ್ಕೂ ನೀರು ತುಂಬಿ ಬಾಗಿಲ ತೊಲೆಗೆ ನೇತು ಹಾಕಿ, ಕೆಳಗೆ ಪೇಪರ್ ಹಾಸಿ ಮಲಗಿದೆ. ಬೆಳಗ್ಗೆ ಎಡದ್ದರ ಕೆಳಗೆ ಹುಣಸೆ ಬೀಜದಷ್ಟು ಒದ್ದೆ. ಅಲ್ಲಿಗೆ ಒಂದು ತೇಪೆ ಬಿತ್ತು. ಅದೇ ನೀರನ್ನು ಅಳೆದರೆ ಒಂದೊಂದರಲ್ಲೂ 27-28 ಲೀಟರ್.

ರ‍್ಯಾಕನ್ನು ಗ್ರಿಲ್ ಮಾಡುವವರ ಹತ್ತಿರ ಕತ್ತರಿಸಿ ಒಳಕ್ಕೆ ತರಿಸಿದೆ. ಬಿರುಕಿನ ಜಾಗಕ್ಕೆ ಬೆಸುಗೆ ಮಾತ್ರ ಸಾಲದು, ಒಂದು ಅಡ್ಡಪಟ್ಟಿ ಕೂಡ ಬೇಕು. ಈಗ ಅಗಲ ಹ್ಯಾಂಡಲ್‌ಗಿಂತ ಒಂದೆರಡು ಬೆರಳು ಕಮ್ಮಿ. ಬಿಸಿ ತಡೆಯಲಿ ಅಂತ ನಗ್ಗಿದ ಡಬ್ಬಿಯ ಮುಚ್ಚಳ ಕತ್ತರಿಸಿ, ಸೈಲೆನ್ಸರ್ ಮತ್ತು ಬಲಗಡೆ ಬ್ಯಾಗಿನ ನಡುವೆ ವಾಷರ್ ಕೊಟ್ಟು, ಎರಡೂ ಕಡೆ ಗಾಳಿ ಆಡುವಂತೆ ನಿಲ್ಲಿಸಿದೆ. ಆಗುಂಬೆ ಘಾಟಿ ಹತ್ತಿ ನಿಂತಾಗ ಬ್ಯಾಗ್ ಮುಟ್ಟಿ ನೋಡಿದೆ, ಉಗುರು ಬೆಚ್ಚಗಿತ್ತು ಅಷ್ಟೇ.

ಲೆಕ್ಕ ಕೇಳಿದವನಿಗೆ: ಟಾರ್ಪಾಲಿನ್ ಕಟ್‌ಪೀಸ್ 600-700, ಚಾಚಾ ಕೂಲಿ 800, ಪಟ್ಟಿ-ಬಕಲ್ 450 ಇರಬೇಕು, ರ‍್ಯಾಕ್ ಕೆಲಸ 1,800. ಎಲ್ಲ ಸೇರಿ 4,000 ಒಳಗೆ. ಎರಡೂ ಬ್ಯಾಗ್ ಸೇರಿ ತೂಕ 4 ಕೆ.ಜಿ. ಅದಕ್ಕೆ ಮುಂಚೆ ಕಳೆದದ್ದು 17,300. ಸರಿಯಿದ್ದ ಡಬ್ಬಿ ಮಾರಿ 5,000 ವಾಪಸ್ ಬಂತು. ಮನೆಯಲ್ಲಿ ಈ 5,000ದ ವಿಷಯ ಮಾತ್ರ ಹೇಳಿದ್ದೇನೆ.

ತುಂಬುವಾಗ ಟೂಲು, ಟ್ಯೂಬು ತಳದಲ್ಲಿ, ಮುಂದಕ್ಕೆ. ಹಗುರದ್ದು ಹಿಂದಕ್ಕೆ. ಎಡ-ಬಲ ತಕ್ಕಡಿಯಲ್ಲಿ ತೂಗುತ್ತೇನೆ, ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಿಡಲ್ಲ. ಹಿಂದಿನ ಟೈರಿಗೆ ಇಬ್ಬರು ಕೂರುವಾಗಿನಷ್ಟು ಗಾಳಿ.

ಬೀಗ ಇಲ್ಲ, ಒಪ್ಪುತ್ತೇನೆ. ಬ್ಲೇಡ್ ಹಾಕಿದರೆ ಮುಗೀತು. ಮಿರ್ಚಿ ಮಂಡಕ್ಕಿ ತಿನ್ನುವಾಗಲೂ ಗಾಡಿ ಕಣ್ಣೆದುರೇ ಇರುತ್ತದೆ. ಗುಂಪಿನಲ್ಲಿ ಜಾಸ್ತಿ ನಕ್ಕವನೇ ಹೋದ ವಾರ ಚಾಚಾ ಹತ್ತಿರ ಎರಡು ಜೋಡಿ ಹೇಳಿ ಬಂದಿದ್ದಾನಂತೆ. ಬ್ಯಾಗ್ ಅಲುಗಾಡದ ಹಾಗೆ ರ‍್ಯಾಕಿಗೆ ಪಟ್ಟಿ ಹಾಕುವುದು ಹೇಗೆ ಅಂತ ಮೂರು ಸಲ ಫೋನ್ ಮಾಡಿದ. "ಒಂದು ಸಲ ಬಿಚ್ಚಿ ಬೀಳಲಿ ಬಿಡೋ, ಆಮೇಲೆ ಹೇಳ್ತೀನಿ" ಅಂದಿದ್ದೇನೆ.