ಬಂದೂಕಿಲ್ಲದ ಸ್ಪಿಟ್‌ಫೈರ್ ಕಟ್ಟೋಣ ಬನ್ನಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಮನೆಯಲ್ಲಿ ಪ್ಲಾಸ್ಟಿಕ್ ಮಾಡೆಲ್ ವಿಮಾನ ಕಟ್ಟುವುದಕ್ಕೆ ಕಾವಲೂ ಬೇಡ, ಕಾರ್ಖಾನೆಯೂ ಬೇಡ. ಒಂದು ಮೇಜು, ಒಳ್ಳೆ ಬೆಳಕು, ಸ್ವಲ್ಪ ತಾಳ್ಮೆ ಇದ್ದರೆ ಆಯಿತು.

ಯಾವ ವಿಮಾನ? ಹೆಚ್ಚಿನವರು ಬಾಂಬು, ಕ್ಷಿಪಣಿ ತೂಗಿಸಿದ ಫೈಟರೇ ಬೇಕು ಅಂತಾರೆ. ನನ್ನ ಮಾತು ಕೇಳಿ, ಮೊದಲಿಗೆ ಫೋಟೊ ತೆಗೆಯುವ ಬೇಹು ವಿಮಾನ ಹಿಡಿಯಿರಿ. ತೂಗಿಸಲು ಆಯುಧವಿಲ್ಲ, ಬಳಿಯಲು ಒಂದೇ ಬಣ್ಣ. ಆದರೆ ಇಲ್ಲಿ ನೋಡುವವರ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಪಟ್ಟೆ ಬಣ್ಣ ಇಲ್ಲದ ಕಾರಣ ಒಂದು ಗೀರು ಉಳಿದರೂ ಎದ್ದು ಕಾಣುತ್ತದೆ. ಗಾಜು ಮತ್ತು ನುಣುಪು, ಇವೆರಡು ಸರಿಯಾದರೆ ಮಾಡೆಲ್ ಗೆದ್ದಂತೆ.

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್‌ನ ಬೇಹು ಮಾದರಿ ಪಿಆರ್ 19 ಇದಕ್ಕೆ ಹೇಳಿ ಮಾಡಿಸಿದ್ದು. ಬೇಹಿಗೆ ಆಯುಧ ಬೇಡ, ವೇಗ ಮತ್ತು ಎತ್ತರ ಸಾಕು ಎಂದು 1939ರಲ್ಲಿ ವಾದಿಸಿದವರು ಬ್ರಿಟನ್ನಿನ ವಾಯುಪಡೆ ಅಧಿಕಾರಿ ಮಾರಿಸ್ ಲಾಂಗ್‌ಬಾಟಮ್. ಪೈಲಟ್ ಸಿಡ್ನಿ ಕಾಟನ್ ಅದನ್ನು ಮಾಡಿ ತೋರಿಸಿದರು. ಸ್ಪಿಟ್‌ಫೈರ್‌ನ ಬಂದೂಕು ಬಿಚ್ಚಿಸಿದರು, ಸಂದುಗಳನ್ನು ಮುಚ್ಚಿಸಿದರು, ಮೈಯೆಲ್ಲ ಉಜ್ಜಿಸಿ ಪಾಲಿಶ್ ಮಾಡಿಸಿದರು. ಆ ಸಾಲಿನ ಕೊನೆಯ ಮಾದರಿ ಪಿಆರ್ 19. ಒಟ್ಟು ತಯಾರಾದದ್ದು 225. ನಮ್ಮ ವಾಯುಪಡೆಯಲ್ಲೂ ಇತ್ತು.

1/72 ಅಳತೆಯ, ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲಿನ ಕಿಟ್ ಕೊಳ್ಳಿ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 15.6 ಸೆಂ.ಮೀ. ಆಗುತ್ತದೆ. ಕಿಟ್ಟನ್ನು ಬೆಂಗಳೂರಿನ ಹಾಬಿ ಅಂಗಡಿಯಿಂದ ತರಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಉಳಿದ ಸಾಮಾನು ತುಮಕೂರಿನಲ್ಲೇ ಸಿಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಣ್ಣ ಕಟರ್, ಕಾರಿನ ಪೇಂಟ್ ಮಾರುವಲ್ಲಿ 400, 1000, 2000 ನಂಬರಿನ ವಾಟರ್ ಪೇಪರ್ ಮತ್ತು ಪುಟ್ಟಿ, ಸ್ಟೇಷನರಿಯಲ್ಲಿ ಫೆವಿಕಾಲ್. ಪ್ಲಾಸ್ಟಿಕ್ ಸಿಮೆಂಟ್ ಮಾತ್ರ ಕಿಟ್ ಜೊತೆಗೇ ತರಿಸಿಕೊಳ್ಳಿ.

ಮೊದಲು ತೊಳೆಯಿರಿ

ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಚೌಕಟ್ಟಿನ ಸಮೇತ ಸೋಪಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಕೂರುವುದಿಲ್ಲ. ಬೋರ್‌ವೆಲ್ ನೀರಾದರೆ ಒಣಗಲು ಬಿಡದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಉಳಿಯುತ್ತದೆ. ಭಾಗಗಳನ್ನು ಕೈಯಲ್ಲಿ ಮುರಿಯಬೇಡಿ. ಕಟರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ಗಂಟನ್ನು ಬ್ಲೇಡ್‌ನಿಂದ ಕೆರೆದು ತೆಗೆಯಿರಿ.

ಕಾಕ್‌ಪಿಟ್‌ಗೆ ಬೂದು ಬೆರೆತ ಹಸಿರು ಬಳಿಯಿರಿ. ಒಣಗಿದ ಮೇಲೆ ತುಂಬಾ ನೀರು ಮಾಡಿದ ಕಪ್ಪು ಬಣ್ಣವನ್ನು ಮೂಲೆಗಳಿಗೆ ಬಿಡಿ. ಮಾಸ್ಕಿಂಗ್ ಟೇಪನ್ನು ಸಣ್ಣಗೆ ಸೀಳಿ ಅಂಟಿಸಿದರೆ ಸೀಟ್ ಬೆಲ್ಟ್ ಆಯಿತು. ಈ ಅಳತೆಯಲ್ಲಿ ಅಷ್ಟೇ ಸಾಕು. ಗಾಜು ಮುಚ್ಚಿದ ಮೇಲೆ ಒಳಗೆ ಯಾರೂ ಇಣುಕುವುದಿಲ್ಲ.

ಕ್ಯಾಮೆರಾ ಕಿಟಕಿ

ಅವಸರ ಬೇಡದ ಜಾಗ ಇದು. ಪೈಲಟ್ ಸೀಟಿನ ಹಿಂದೆ, ವಿಮಾನದ ಹೊಟ್ಟೆಯಲ್ಲಿ ಕೆಳಗೆ ನೋಡುವ ಕಿಟಕಿಗಳಿವೆ. ಪಕ್ಕದಲ್ಲಿ ಓರೆಯಾಗಿ ನೋಡುವ ಕಿಟಕಿ ಬೇರೆ. ವಿಮಾನದ ಮೈಯ ಎರಡು ಹೋಳುಗಳನ್ನು ಕೂಡಿಸುವ ಮೊದಲೇ ಇವುಗಳ ಒಳಭಾಗಕ್ಕೆ ಮಂಕಾದ ಕಪ್ಪು ಬಳಿಯಿರಿ. ಚೌಕಟ್ಟಿನ ದುಂಡನೆಯ ಕಡ್ಡಿಯಿಂದ ಒಂದು ತೆಳ್ಳನೆ ಬಿಲ್ಲೆ ಕತ್ತರಿಸಿ, ಕಪ್ಪು ಬಳಿದು, ಮೇಲೊಂದು ಹನಿ ಹೊಳಪಿನ (ಗ್ಲಾಸ್) ವಾರ್ನಿಷ್ ಇಡಿ. ಅದೇ ಲೆನ್ಸ್. ಕಿಟಕಿಯ ಹಿಂದೆ ಕೂರಿಸಿದರೆ ಒಳಗೊಂದು ಕಣ್ಣು ಮಿನುಗುತ್ತದೆ.

ಗಾಜಿನ ಭಾಗಗಳ ಹತ್ತಿರ ಫೆವಿಕ್ವಿಕ್ ತರಲೇಬೇಡಿ. ಅದರ ಆವಿಗೇ ಗಾಜು ಬೆಳ್ಳಗಾಗುತ್ತದೆ. ಒಣಗಿದಾಗ ಪಾರದರ್ಶಕವಾಗುವ ಬಿಳಿ ಫೆವಿಕಾಲ್ ಇಲ್ಲಿಗೆ ಸರಿ. ಚಿಕ್ಕ ಕಿಟಕಿಯೊಂದು ಎಲ್ಲೋ ಹಾರಿ ಕಳೆದುಹೋಯಿತಾ? ಚಿಂತೆಯಿಲ್ಲ. ಕಡ್ಡಿಯ ತುದಿಯಲ್ಲಿ ಫೆವಿಕಾಲ್ ತೆಗೆದುಕೊಂಡು ತೂತಿನ ಅಂಚಿಗೆ ಸವರಿ, ನಡುವಿಗೆ ಎಳೆಯಿರಿ. ಒಣಗಿದರೆ ಅದೇ ಗಾಜು.

ಕಾಕ್‌ಪಿಟ್ ಗಾಜಿನ ಮೇಲೆ ಗೀರು ಬಿದ್ದಿದ್ದರೆ ಟೂತ್‌ಪೇಸ್ಟ್ ಹಾಕಿ ಮೆಲ್ಲಗೆ ಉಜ್ಜಿ ತೊಳೆಯಿರಿ. ಪಿಆರ್ 19ರ ಮುಂದಿನ ಗಾಜು ಬಾಗಿದ ಒಂದೇ ತುಂಡು. ಫೈಟರ್‌ನಲ್ಲಿರುವ ದಪ್ಪನೆಯ ಗುಂಡುನಿರೋಧಕ ಚಪ್ಪಟೆ ಗಾಜು ಇದಕ್ಕಿಲ್ಲ. ಬೇರೆ ಸ್ಪಿಟ್‌ಫೈರ್ ಕಿಟ್‌ನ ಗಾಜು ಕೂರಿಸಿದರೆ ತಿಳಿದವರು ತಕ್ಷಣ ಹಿಡಿದುಬಿಡುತ್ತಾರೆ.

ಕೂಡಿಸಿ, ಉಜ್ಜಿ

ಪ್ಲಾಸ್ಟಿಕ್ ಸಿಮೆಂಟ್ ಅಂಟಿಸುವುದಿಲ್ಲ, ಎರಡೂ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ಎರಡು ಹೋಳು ಜೋಡಿಸಿ ಹಿಡಿದು, ಸಂದಿಗೆ ಬ್ರಷ್ ತಾಗಿಸಿ. ಅಂಟು ತಾನೇ ಒಳಗೆ ಓಡುತ್ತದೆ. ಈಗ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಎಳೆಯಾಗಿ ಹೊರಗೆ ಬರುತ್ತದೆ. ಅದನ್ನು ಮುಟ್ಟದೆ ಒಂದು ರಾತ್ರಿ ಬಿಡಿ. ಬೆಳಗ್ಗೆ ವಾಟರ್ ಪೇಪರನ್ನು ನೀರಲ್ಲಿ ಅದ್ದಿ 400ರಿಂದ ಶುರು ಮಾಡಿ 2000ದವರೆಗೆ ಉಜ್ಜಿ. ಬಿರುಕು ಉಳಿದರೆ ಮಾತ್ರ ಪುಟ್ಟಿ.

ರೆಕ್ಕೆಯ ಮುಂದಿನ ಅಂಚಿಗೆ ಹೆಚ್ಚು ಗಮನ ಕೊಡಿ. ಬಂದೂಕಿಲ್ಲದ ಆ ಜಾಗದಲ್ಲಿ ಇಂಧನ ತುಂಬುತ್ತಿದ್ದರು, ಒಂದೊಂದು ರೆಕ್ಕೆಯಲ್ಲಿ ಸುಮಾರು 300 ಲೀಟರ್. ಅಂಚು ಒಂದೇ ಸಮನೆ ನುಣ್ಣಗಿರಬೇಕು. ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಬಣ್ಣ

ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿ, ಇಡೀ ವಿಮಾನಕ್ಕೆ ಬೂದು ಪ್ರೈಮರ್ ಕೊಡಿ. ಬಿಟ್ಟುಹೋದ ಗೀರೆಲ್ಲ ಈಗ ಹೊರಗೆ ಬರುತ್ತವೆ. ಮತ್ತೆ ಉಜ್ಜಿ, ಬೇಜಾರು ಬೇಡ. ಆಮೇಲೆ ಪಿಆರ್‌ಯು ಬ್ಲೂ, ಅಂದರೆ ಬೂದು ಬೆರೆತ ಮಾಸಲು ನೀಲಿ. ಆಕಾಶದಲ್ಲಿ ಕಾಣದಿರಲಿ ಅಂತ ಆರಿಸಿದ ಬಣ್ಣ ಅದು. ಏರ್‌ಬ್ರಷ್ ಇದ್ದರೆ ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಕೈಬ್ರಷ್ ಆದರೂ ತೆಳ್ಳಗೆ ಎರಡು ಮೂರು ಕೋಟ್ ಕೊಡಿ. ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಬಳಸುವುದಾದರೆ ಮೊದಲು ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿ, ಕೆಲವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಮಳೆ ಹಿಡಿದ ದಿನ ಲ್ಯಾಕರ್ ಸ್ಪ್ರೇ ಹೊಡೆಯಬೇಡಿ, ತೇವಕ್ಕೆ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಬೇಸಿಗೆಯಲ್ಲಿ ಧೂಳು ಏಳುವ ಮೊದಲು, ಬೆಳಗ್ಗೆಯೇ ಮುಗಿಸಿ. ಕಿಟಕಿ ತೆರೆದಿರಲಿ.

ಡೆಕಾಲ್‌ಗೆ, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರಗಳಿಗೆ, ಮೊದಲು ಗ್ಲಾಸ್ ವಾರ್ನಿಷ್ ಹೊಡೆಯಲೇಬೇಕು. ಒರಟು ಮೈಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಡೆಕಾಲನ್ನು ಉಗುರುಬೆಚ್ಚಗಿನ ಫಿಲ್ಟರ್ ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಜಾರಿಸಿ ಕೂರಿಸಿ. ಭಾರತದ ಗುರುತು ಹಾಕುವವರು ಗಮನಿಸಿ: 1950ರಿಂದ ಬಂದ ವೃತ್ತದಲ್ಲಿ ಹಸಿರು ನಡುವೆ, ಕೇಸರಿ ಹೊರಗೆ. ಇದನ್ನು ಉಲ್ಟಾ ಮಾಡುವವರು ಬಹಳ.

ಕೊಳೆ, ತುಕ್ಕು ಅಂತ ಜಾಸ್ತಿ ಹಚ್ಚಲು ಹೋಗಬೇಡಿ. ಪಾಲಿಶ್ ಮಾಡಿದ ವಿಮಾನ ಇದು. ಎಕ್ಸಾಸ್ಟ್ ಹಿಂದೆ ಸ್ವಲ್ಪ ಮಸಿ ಸಾಕು. ಚಕ್ರಗಳನ್ನು ಈಗ ಸೇರಿಸಿ, ಅದರಲ್ಲಿ ಹೇಳುವಂಥದ್ದೇನಿಲ್ಲ. ಮೂಗಿನ ಫ್ಯಾನ್ (ಪ್ರೊಪೆಲ್ಲರ್) ಮಾತ್ರ ನೋಡಿಕೊಂಡು ಕೂರಿಸಿ. ಇದರ ಗ್ರಿಫನ್ ಇಂಜಿನ್, ಹಳೆಯ ಸ್ಪಿಟ್‌ಫೈರ್‌ಗಳ ಮರ್ಲಿನ್‌ಗೆ ವಿರುದ್ಧವಾಗಿ, ಪೈಲಟ್ ಕಡೆಯಿಂದ ಅಪ್ರದಕ್ಷಿಣೆ ತಿರುಗುತ್ತದೆ. ಐದು ಎಲೆಗಳ ವಾಲು ಅದಕ್ಕೆ ತಕ್ಕಂತೆ ಇರಬೇಕು. ಧೂಳು ಕೂರದಿರಲು ಬೇಕರಿಯ ಪಾರದರ್ಶಕ ಕೇಕ್ ಡಬ್ಬಿ ಮೇಲೆ ಮಗುಚಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಇಡಿ, ಬಣ್ಣ ಮಾಸುತ್ತದೆ.